ಹೆದುವಾ ಕೊಳದ ಉಷ್ಟ್ರಪಕ್ಷಿ

ಭಾನುವಾರ ಬೆಳಗ್ಗೆ ತಾರಾಪದ ಸರಖೇಲರ ಹೋಮಿಯೋಪಥಿ ದವಾಖಾನೆಯೊಳಗೆ ಮೊದಲು ಬಂದದ್ದು ಒಂದು ತಗಡಿನ ಟ್ರಂಕು, ಅದರ ಹಿಂದೆ ಕಾಜರಿ. ಟ್ರಂಕನ್ನು ಹೊಸ್ತಿಲಿನಿಂದ ಈಚೆಗೆ ದಬ್ಬಿ, ಅದರ ಮೇಲೆಯೇ ಕುಳಿತು ಅವಳು ಬಿಕ್ಕಿ ಬಿಕ್ಕಿ ಅತ್ತಳು. ತಾರಾಪದರ ಕೈ ತನ್ನಷ್ಟಕ್ಕೆ ಕಪಾಟಿನ ಕಡೆ ಹೋಯಿತು. ಎಲ್ಲ ಬಗೆಯ ಅಳುವಿಗೂ ಅವರಲ್ಲಿ ಬೇರೆಬೇರೆ ಗುಳಿಗೆಯಿತ್ತು. ಇದು ಯಾವ ಬಗೆಯ ಅಳುವೆಂದು ಗೊತ್ತಾಗದೆ ಸೀಸೆ ಹಿಡಿದು ನಿಂತೇಬಿಟ್ಟರು.

"ಡಾಕ್ಟರ್‌ಕಾಕು, ದಿದಿಮಣಿ ಎದ್ದಿದಾರಾ?"

"ಎದ್ದು ಎರಡು ಸಲ ಚಹಾನೂ ಆಯ್ತು. ಏನಮ್ಮಾ ಇದು? ನಿನ್ನೆ ಸಂಜೆ ತಾನೆ ಊರಿಂದ ಬಂದೆ, ಮತ್ತೆ ಟ್ರಂಕು ಹೊತ್ಕೊಂಡು ಎಲ್ಲಿಗೆ?"

"ಜೇಠು ಮನೆ ಬಿಟ್ಟು ಹೋಗು ಅಂದ್ರು. ಅವರ ಕ್ವಿಜ್ ಪ್ರಶ್ನೆಗಳನ್ನ ನಾನೇ ಮಾರ್ಕೊಂಡೆ ಅಂತೆ. ಮಂಗಳವಾರ ನಮ್ಮ ಕಾಲೇಜಿಗೂ ಹೋಗ್ತಾರಂತೆ. ಪ್ರಿನ್ಸಿಪಾಲರು ಅವರ ಹಳೇ ಶಿಷ್ಯ. ಜೇಠು ಒಂದು ಮಾತು ಹೇಳಿದ್ರೆ ನನ್ನನ್ನ ಪರೀಕ್ಷೆಗೆ ಕೂರಿಸಲ್ಲ ಕಾಕು. ಮೂರು ವರ್ಷ ಓದಿದ್ದು ಎಲ್ಲ ಹೋಯ್ತು."

ದವಾಖಾನೆಯ ಹಿಂದಿನ ಕೋಣೆಯ ಪರದೆ ಸರಿಯಿತು. ಅಲ್ಲಿ ಬಾಡಿಗೆಗಿದ್ದ ಹೈಮಂತಿ ಗುಹ ಹೊರಗೆ ಬಂದರು. ಹೆಣ್ಣುಮಕ್ಕಳ ಶಾಲೆಯಲ್ಲಿ ಒಂದು ಆಯುಷ್ಯವಿಡೀ ಭೂಗೋಳ ಕಲಿಸಿ ಗಲ್ಲಿಗೆಲ್ಲ ದಿದಿಮಣಿಯಾದವರು. ಸುಳ್ಳು ಹೇಳುವ ಹುಡುಗಿ ಯಾವ ಬೆಂಚಿನಲ್ಲಿದ್ದಾಳೆಂದು ಕಪ್ಪುಹಲಗೆಯ ಕಡೆ ಮುಖ ಮಾಡಿಕೊಂಡೇ ಹೇಳುತ್ತಿದ್ದರಂತೆ. ನಿವೃತ್ತಿಯ ಮೇಲೆ ನಿಮಾಯಿ ಹಾಲ್ದಾರ್ ಗಲ್ಲಿಯೇ ಅವರ ತರಗತಿಯಾಗಿತ್ತು. ಪೂಜೆಯಲ್ಲಿ ದೇವಿಯ ಮೂಗುತಿ ಕಳೆದಾಗ ಪೊಲೀಸರು ಮೂರು ಮನೆ ಜಾಲಾಡಿದರು, ಹೈಮಂತಿ ಕೂತಲ್ಲೇ ಕಳ್ಳನನ್ನು ಹಿಡಿದರು. ಇಂಥ ಎಲ್ಲ ಕೆಲಸದಲ್ಲೂ ತಾರಾಪದ ಅವರ ಬೆನ್ನಿಗಿದ್ದರು. ಅರ್ಧ ಕೀರ್ತಿ ತನಗೆ ಸೇರಬೇಕೆಂದು ಅವರ ಎಣಿಕೆ. ಆ ಅರ್ಧವನ್ನು ಇನ್ನೂ ಯಾರೂ ಕೊಟ್ಟಿರಲಿಲ್ಲ.

"ಅಳೋದು ಆಮೇಲೆ. ಮುಖ ತೊಳ್ಕೊಂಡು ಬಾ," ಎಂದರು ಹೈಮಂತಿ. "ತಾರಾಪದಬಾಬು, ಆ ಸೀಸೆ ಒಳಗಿಡಿ. ಹುಡುಗಿಗೆ ಮಂಡಕ್ಕಿ, ಬೆಲ್ಲ ಕೊಡಿ. ಹೊಟ್ಟೆ ಖಾಲಿಯಿದ್ರೆ ನೆನಪು ನಿಲ್ಲಲ್ಲ."

ಕಾಜರಿಯ ಕತೆಯಲ್ಲಿ ಗಲ್ಲಿಗೆ ಗೊತ್ತಿಲ್ಲದ್ದು ಹೆಚ್ಚೇನೂ ಇರಲಿಲ್ಲ. ಅವಳು ದೊಡ್ಡಪ್ಪನೆಂಬಂತೆ ಜೇಠು ಎಂದು ಕರೆಯುವ ಎದುರು ಮನೆಯ ನಿಶಿಕಾಂತ ಭಾದುಡಿ ಕಲ್ಕತ್ತೆಯಲ್ಲೇ ಹೆಸರಾದ ಕ್ವಿಜ್ ಮಾಸ್ಟರ್. ಈಚೆಗೆ ಕಣ್ಣು ಮುಕ್ಕಾಲು ಹೋಗಿತ್ತು. ತಮ್ಲುಕ್ ಕಡೆಯ ಹಳ್ಳಿಯಿಂದ ಪ್ರಾಣಿಶಾಸ್ತ್ರ ಓದಲು ಬಂದ ಈ ಹುಡುಗಿಗೆ ಮೇಲಿನ ಕೋಣೆ, ಎರಡು ಹೊತ್ತಿನ ಊಟ ಕೊಟ್ಟಿದ್ದರು. ಬದಲಿಗೆ ಅವಳು ರಾತ್ರಿ ಅವರಿಗೆ ಓದಿಹೇಳಬೇಕು. ಅವಳ ಪಠ್ಯದಲ್ಲಿ ಸಿಕ್ಕ ಚೋದ್ಯವನ್ನೆಲ್ಲ ಅವರ ಮುಂದೆ ಸುರಿಯಬೇಕು. ಜಿರಾಫೆಯ ಅಷ್ಟುದ್ದ ಕತ್ತಿನಲ್ಲೂ ನಮ್ಮ ಹಾಗೆ ಏಳೇ ಎಲುಬು, ಆಕ್ಟೋಪಸ್‌ಗೆ ಮೂರು ಹೃದಯ, ಗಿಣಿಗೆ ಮೆಣಸಿನಕಾಯಿಯ ಖಾರವೇ ತಿಳಿಯುವುದಿಲ್ಲ. ಹೀಗೆ ಅವಳ ಬಾಯಲ್ಲಿ ದಿನಕ್ಕೊಂದು. ತಾರಾಪದರಿಗೂ ಬೆಳಗ್ಗೆ ಒಂದು ಪಾಲು ಸಿಗುತ್ತಿತ್ತು. ಅದನ್ನು ಅವರು ರೋಗಿಗಳಿಗೆ ಗುಳಿಗೆಯ ಜೊತೆ ಪುಕ್ಕಟೆಯಾಗಿ ಹಂಚುತ್ತಿದ್ದರು.

ಅವಳು ತಂದದ್ದರಲ್ಲಿ ಆಯ್ದು ಭಾದುಡಿ ಪ್ರಶ್ನೆ ಕಟ್ಟುತ್ತಿದ್ದರು. ಒಂದನ್ನೂ ಬರೆದಿಡುವವರಲ್ಲ. ಎಲ್ಲ ತಲೆಯಲ್ಲೇ. ಕಾಗದವಿದ್ದರೆ ಕಳ್ಳನಿರುತ್ತಾನೆಂದು ಅವರ ವಾದ. ಓದುವ ಹೊತ್ತಿಗೆ ಕಿಟಕಿ ಮುಚ್ಚಿ, ಬಾಗಿಲಿಗೆ ಅಗುಳಿ ಹಾಕಿ, ಹೊರಗಿನ ಕೋಣೆಯಲ್ಲಿ ರೇಡಿಯೋ ಜೋರಾಗಿ ಹಚ್ಚಿಡುತ್ತಿದ್ದರು. ಹಾಲಿನವನನ್ನೂ ಅನುಮಾನಿಸುವ ಮನುಷ್ಯ.

ಶನಿವಾರ ಸಂಜೆ ಕ್ವಿಜ್‌ನ ಅಂತಿಮ ಸುತ್ತು. ತಾರಾಪದರೂ ಸಭೆಯಲ್ಲಿದ್ದರು. ಬಹಳ ವರ್ಷದಿಂದ ದಕ್ಷಿಣ ಕಲ್ಕತ್ತೆಯವರು ಹೊತ್ತೊಯ್ಯುತ್ತಿದ್ದ ಷೀಲ್ಡು ಈ ಸಲ ಗಲ್ಲಿಯ ಹುಡುಗರ ಕೈಗೆ ಬರುವಂತಿತ್ತು. ನಾಯಕ ಪಿನಾಕಿ ಬಜರ್ ಒತ್ತಿದ್ದೇ ಒತ್ತಿದ್ದು. ಪ್ರಶ್ನೆ ಮುಗಿಯುವ ಮೊದಲೇ ಉತ್ತರ. ಮೊದಮೊದಲು ಗಲ್ಲಿಯವರು ಶಿಳ್ಳೆ ಹೊಡೆದರು. ಆಮೇಲೆ ಶಿಳ್ಳೆ ಕಡಿಮೆಯಾಗಿ ಪಿಸುಮಾತು ಹೆಚ್ಚಾಯಿತು. ಕೊನೆಗೆ ಭಾದುಡಿ "ನಾಲಿಗೆಯ..." ಎಂದು ಬಾಯಿ ತೆರೆದದ್ದೇ ತಡ, ಬಜರ್ ಕಿರುಚಿತು.

"ಎಲ್ಲಾ ಕಡೆ!" ಎಂದ ಪಿನಾಕಿ. "ಪುಸ್ತಕದಲ್ಲಿರೋ ಚಿತ್ರ ತಪ್ಪು. ನಾಲಿಗೆಯ ಎಲ್ಲ ಕಡೆನೂ ಎಲ್ಲ ರುಚಿನೂ ಗೊತ್ತಾಗುತ್ತೆ."

ಪ್ರೇಕ್ಷಕರ ನಡುವಿನಿಂದ ಕಾಜರಿ ಎದ್ದು ನಿಂತು "ತಪ್ಪು! ಕಹಿ ಗೊತ್ತಾಗೋದು ಹಿಂದಿನ ಭಾಗದಲ್ಲಿ!" ಎಂದು ಕೂಗಿದಳು. ಭಾದುಡಿಯವರ ಮುಖ ಸುಣ್ಣದಂತಾಯಿತು. ಪಿನಾಕಿಯ ಉತ್ತರ ಸರಿಯಾಗಿತ್ತು. ದಕ್ಷಿಣದವರು ಮೇಜು ಗುದ್ದಿ "ಮೋಸ, ಮೋಸ" ಎಂದರು. ಭಾದುಡಿ ಷೀಲ್ಡನ್ನು ಯಾರಿಗೂ ಕೊಡದೆ ವೇದಿಕೆ ಇಳಿದರು. ಪ್ರಶ್ನೆಗಳು ಇದ್ದದ್ದು ಎರಡೇ ತಲೆಯಲ್ಲಿ. ಒಂದು ತಲೆ ತಮ್ಮದು. ಉಳಿದದ್ದು ಯಾರದೆಂದು ಅವರು ಹೆಚ್ಚು ಯೋಚಿಸಲಿಲ್ಲ.

"ನೀನು ತಪ್ಪು ಅಂತ ಯಾಕೆ ಕೂಗಿದೆ?" ಎಂದು ಹೈಮಂತಿ ಕೇಳಿದರು.

"ನಾನೇ ಕೊಟ್ಟ ಪ್ರಶ್ನೆ ಅದು ದಿದಿಮಣಿ. ನಮ್ಮ ಪುಸ್ತಕದಲ್ಲಿ ಚಿತ್ರ ಇದೆ. ತುದಿಗೆ ಸಿಹಿ, ಹಿಂದೆ ಕಹಿ. 'ನಾಲಿಗೆಯ ಯಾವ ಭಾಗಕ್ಕೆ ಕಹಿ ಗೊತ್ತಾಗುತ್ತೆ' ಅನ್ನೋದೇ ಪ್ರಶ್ನೆ ಅಂತ ಬುಧವಾರ ರಾತ್ರಿ ಗಟ್ಟಿ ಮಾಡಿದ್ವಿ. ಗುರುವಾರ ಬೆಳಗ್ಗೆ ನಾನು ಊರಿಗೆ ಹೋದೆ. ವಾಪಸ್ ಬಂದು ಸ್ಟೇಷನ್ನಿಂದ ನೇರ ಸಭೆಗೇ ಬಂದೆ."

ಹೈಮಂತಿ ಚಹಾದ ಬಟ್ಟಲನ್ನು ಕೆಳಗಿಟ್ಟರು. ಅವರ ಹುಬ್ಬು ಸ್ವಲ್ಪ ಮೇಲೇರಿದ್ದನ್ನು ತಾರಾಪದ ಕಂಡರು. ಯಾಕೆ ಏರಿತೆಂಬುದು ಮಾತ್ರ ಅವರಿಗೆ ಹೊಳೆಯಲಿಲ್ಲ.

ಕಾಜರಿಯನ್ನು ಅಲ್ಲೇ ಬಿಟ್ಟು ಇಬ್ಬರೂ ಹೋದಾಗ ಭಾದುಡಿಯವರ ಮನೆಯಲ್ಲಿ ಬಾಗಿಲು ತೆರೆದದ್ದು ಅವರ ಅಣ್ಣನ ಮಗ ಸೌಗತ. ಲುಂಗಿ, ಕೆದರಿದ ಕೂದಲು, ಬಾಯಲ್ಲಿ ಹಲ್ಲುಜ್ಜುವ ಬ್ರಷ್ಷು.

"ವಕಾಲತ್ತಿಗೆ ಬಂದ್ರಾ ದಿದಿಮಣಿ? ನಾನು ಮೊದಲೇ ಹೇಳಿದ್ದೆ, ಹೊರಗಿನವರನ್ನ ಮನೇಲಿ ಇಟ್ಕೋಬೇಡಿ ಅಂತ. ನಂಗೊಂದು ಕೋಣೆ ಇಲ್ಲ, ಅವಳಿಗೆ ಬಿಸಿಲು ಬೀಳೋ ಕೋಣೆ."

"ಹತ್ತು ಗಂಟೆಗೆ ಏಳೋನಿಗೆ ಬಿಸಿಲು ಯಾಕಪ್ಪ? ಬಾಯಿ ಮುಕ್ಕಳಿಸಿ ಬಾ ಹೋಗು," ಎಂದು ಹೈಮಂತಿ ಮಹಡಿಯ ಮೆಟ್ಟಿಲು ಹತ್ತಿದರು.

ಭಾದುಡಿ ಶಾಲು ಹೊದ್ದು ಆರಾಮಕುರ್ಚಿಯಲ್ಲಿದ್ದರು. ದನಿ ಗೊಗ್ಗರಾಗಿತ್ತು. "ಡಾಕ್ಟ್ರೇ, ನಿಮ್ಮ ಗುಳಿಗೆ ಸಕ್ಕರೆ ಮಿಠಾಯಿ ಅಷ್ಟೆ. ವಾರದಿಂದ ನುಂಗ್ತಾ ಇದೀನಿ, ಗಂಟಲು ಬಿಟ್ಟಿಲ್ಲ."

"ನೀವು ಮಾತು ಕಡಿಮೆ ಮಾಡಿ ಅಂದಿದ್ದೆ," ಎಂದರು ತಾರಾಪದ, ಸ್ವಲ್ಪ ನೊಂದುಕೊಂಡು.

"ನಾನೆಲ್ಲಿ ಮಾತಾಡ್ತೀನಿ? ಕ್ವಿಜ್ ಹತ್ತಿರ ಬಂದ್ರೆ ನಾನು ಮೌನಿ. ಸೌಗತನ್ನ ಕೇಳಿ, ದಿನಕ್ಕೆ ನಾಲ್ಕು ಮಾತಾಡಿದ್ರೆ ಹೆಚ್ಚು. ಎಲ್ಲ ಮನಸ್ಸಿನಲ್ಲೇ ಕಟ್ಕೋತೀನಿ."

ಹೈಮಂತಿ ಕುರ್ಚಿ ಎಳೆದುಕೊಂಡರು. "ಭಾದುಡಿಮಶಾಯ್, ಆ ನಾಲಿಗೆಯ ಪ್ರಶ್ನೆ. ಬುಧವಾರ ಒಂದು ಥರ ಇತ್ತು, ಶನಿವಾರ ಇನ್ನೊಂದು ಥರ ಆಯ್ತಂತೆ. ಯಾವಾಗ ಬದಲಾಯಿಸಿದ್ರಿ?"

"ಶುಕ್ರವಾರ. ಪುಸ್ತಕದ ಮಾತು ತಪ್ಪು ಅಂತ ಗೊತ್ತಾಯ್ತು. ಮಿಷನ್ ಕಾಲೇಜಿನ ಒಬ್ಬ ಪ್ರೊಫೆಸರಿಗೆ ಫೋನು ಮಾಡಿ ಖಾತ್ರಿ ಮಾಡ್ಕೊಂಡೆ. ಅಷ್ಟೇ ಕೇಳಿದ್ದು, ಪ್ರಶ್ನೆ ಅಂತ ಹೇಳ್ಲಿಲ್ಲ. 'ನಾಲಿಗೆಯ ಯಾವ ಯಾವ ಭಾಗಕ್ಕೆ ಯಾವ ರುಚಿ ಅಂತ ಪುಸ್ತಕದಲ್ಲಿರೋ ಚಿತ್ರದಲ್ಲಿ ಏನು ತಪ್ಪು' ಅಂತ ತಿರುಗಿಸಿ ಕಟ್ಟಿದೆ."

"ತಪ್ಪು ಅಂತ ಹೇಗೆ ಗೊತ್ತಾಯ್ತು?"

"ಹೀಗೇ ಲೋಕಾಭಿರಾಮ. ಬೆಳಗಿನ ವಾಕಿಂಗ್‌ನಲ್ಲಿ ಪ್ರಣಬೇಶ ಹಾಗಲಕಾಯಿ ಪಲ್ಯದ ಮಾತು ತೆಗೆದ. ನಾಲಿಗೆ ತುದಿಗೇ ಕಹಿ ಹತ್ತಿತು, ಪುಸ್ತಕದವರು ಏನೇನೋ ಬರೀತಾರೆ ಅಂದ. ನನಗೆ ಫಕ್ಕನೆ ಹೊಳೀತು. ದೇವರೇ ನನ್ನ ಮಾನ ಉಳಿಸಿದ ಅಂದ್ಕೊಂಡೆ."

"ಬದಲಾಯಿಸಿದ್ದನ್ನ ಕಾಜರಿಗೆ ಹೇಳಿದ್ರಾ?"

"ಅವಳು ಊರಲ್ಲಿದ್ದಳಲ್ಲ? ಯಾರಿಗೂ ಹೇಳಿಲ್ಲ. ಗೋಡೆಗೂ ಹೇಳಿಲ್ಲ."

"ಹಾಗಾದ್ರೆ ಅವಳು ಹೇಗೆ ಮಾರಿದಳು?"

ಭಾದುಡಿ ಕುರ್ಚಿಯಲ್ಲಿ ಅತ್ತಿತ್ತ ಸರಿದರು. ಆದರೆ ಅನುಮಾನವನ್ನೇ ಉಂಡು ಬೆಳೆದ ಮನಸ್ಸು ಸುಲಭವಾಗಿ ಸೋಲುವುದಿಲ್ಲ. "ಫೋನು ಮಾಡಿ ಪ್ರೊಫೆಸರನ್ನ ಕೇಳಿರ್ತಾಳೆ. ಬಾಗಿಲ ಹಿಂದೆ ಯಾರನ್ನೋ ನಿಲ್ಲಿಸಿರ್ತಾಳೆ. ಉಳಿದ ಪ್ರಶ್ನೆಗಳು ಗೊತ್ತಿದ್ವಲ್ಲ ಅವಳಿಗೆ? ಅದೊಂದು ಸಾಲದಾ? ತಪ್ಪು ಅಂತ ಕೂಗಿದ್ದು ನಾಟಕ. ನಾನು ಮಂಗಳವಾರ ಹೋಗೋದು ಹೋಗೋದೇ."

ಅಷ್ಟರಲ್ಲಿ ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದು. ಪ್ರಣಬೇಶ ಚಾಕಿ ಬಂದರು, ಕೈಯಲ್ಲಿ ಹೊಸ ಬೆಲ್ಲದ ಸಂದೇಶ ಮಿಠಾಯಿಯ ಪೊಟ್ಟಣ. ಒಂದು ಕಾಲದಲ್ಲಿ ಇವರೇ ಊರಿನ ಕ್ವಿಜ್ ವೀರ. ಈಗ ಬ್ಯಾಂಕಿನಲ್ಲಿ ಅಧಿಕಾರಿ, ಗಲ್ಲಿಯ ಹುಡುಗರಿಗೆ ಸಂಜೆ ಹೊತ್ತು ಗುರು. ಭಾದುಡಿಯವರ ಕಣ್ಣು ಹೋದ ಮೇಲೆ ದಿನವೂ ನಸುಕಿನಲ್ಲಿ ಅವರ ತೋಳು ಹಿಡಿದು ಹೆದುವಾ ಕೊಳದ ಸುತ್ತ ನಡೆಸಿ ತರುವವರೂ ಇವರೇ. ಗಲ್ಲಿಯ ಹೆಂಗಸರು ಗಂಡಂದಿರಿಗೆ ಇವರ ಹೆಸರು ಹೇಳಿ ಚುಚ್ಚುತ್ತಿದ್ದರು.

"ಭಾದುಡಿದಾ, ಹುಡುಗಿ ಚಿಕ್ಕವಳು," ಎಂದರು ಪ್ರಣಬೇಶ, ದನಿ ತಗ್ಗಿಸಿ. "ಯಾರೋ ಪುಸಲಾಯಿಸಿರಬೇಕು. ಕಾಲೇಜಿನವರೆಗೆ ಯಾಕೆ? ಊರಿಗೆ ಕಳಿಸಿಬಿಡಿ, ಮುಗೀತು. ಷೀಲ್ಡ್ ಬೇಕಾದ್ರೆ ನಮ್ಮ ಹುಡುಗರಿಗೆ ಕೊಡಬೇಡಿ, ನನಗೇನೂ ಬೇಜಾರಿಲ್ಲ."

ತಾರಾಪದರ ಕಣ್ಣು ಹನಿಗೂಡಿತು. ಇಂಥ ದೊಡ್ಡ ಮನಸ್ಸಿನವರೂ ಇದ್ದಾರಲ್ಲ ಎಂದುಕೊಂಡು ಎರಡು ಸಂದೇಶ ತಿಂದರು. ಹೈಮಂತಿ ತಿನ್ನಲಿಲ್ಲ. "ತಾರಾಪದಬಾಬು, ಪ್ರಣಬೇಶಬಾಬು, ನೀವಿಬ್ಬರೂ ಸ್ವಲ್ಪ ಕೆಳಗಿರಿ. ನಾನು ಇವರ ಹತ್ತಿರ ಎರಡು ಮಾತಾಡಬೇಕು," ಎಂದರು.

ತನ್ನನ್ನೂ ಹೊರಗೆ ಕಳಿಸಿದ್ದು ತಾರಾಪದರಿಗೆ ನಾಟಿತು. ಮೆಟ್ಟಿಲ ಕೆಳಗೆ ನಿಂತವರಿಗೆ ಮೇಲಿನಿಂದ ಭಾದುಡಿಯವರ ಸಿಡುಕು ಮಾತ್ರ ಕೇಳಿಸಿತು: "ಅದು ಶುದ್ಧ ಸುಳ್ಳು! ಅಂಥ ಪ್ರಶ್ನೆ ನಾನು ಜನ್ಮದಲ್ಲಿ ಕೇಳಲ್ಲ!" ಹೈಮಂತಿ ಏನು ಹೇಳಿದರೋ, ಸ್ವಲ್ಪ ಹೊತ್ತಿನ ಮೇಲೆ ಸಿಡುಕು ಅಡಗಿತು.

ಆ ದಿನವೆಲ್ಲ ಗಲ್ಲಿಯಲ್ಲಿ ಒಬ್ಬರ ಮುಖ ಒಬ್ಬರು ನೋಡುವಂತಿರಲಿಲ್ಲ. ಚಹಾದ ಅಂಗಡಿಗೆ ಯಾರು ಕಾಲಿಟ್ಟರೂ ಮಾತು ನಿಲ್ಲುತ್ತಿತ್ತು. ಗಲ್ಲಿಯ ಮಾನ ಹೋಯಿತೆಂದು ಒಬ್ಬರು, ಹಳ್ಳಿಯ ಹುಡುಗಿಯರೇ ಹೀಗೆ ಎಂದು ಇನ್ನೊಬ್ಬರು. ಪಿನಾಕಿ ಮನೆಯಿಂದ ಹೊರಗೆ ಬಂದಿರಲಿಲ್ಲ. ತಾರಾಪದ ತಮ್ಮ ಪಾಲಿನ ಪತ್ತೇದಾರಿಕೆ ಬಿಡಲಿಲ್ಲ. ಸಂಜೆ ಹೈಮಂತಿಯ ಮುಂದೆ ಕುಳಿತು ಬೆರಳು ಮಡಿಚಿದರು.

"ಸೌಗತ. ಮನೆಯೊಳಗೇ ಇರ್ತಾನೆ, ಹುಡುಗಿ ಕೋಣೆ ಮೇಲೆ ಕಣ್ಣು. ಶುಕ್ರವಾರ ಸಂಜೆ ಪಿನಾಕಿ ಜೊತೆ ಚಹಾದ ಅಂಗಡೀಲಿ ಗುಸುಗುಸು ಮಾತಾಡ್ತಿದ್ದ, ಅಂಗಡಿಯವನೇ ಹೇಳಿದ. ಬಾಗಿಲಿಗೆ ಕಿವಿ ಕೊಟ್ಟು ಕೇಳಿದಾನೆ. ಪಿನಾಕಿಗೆ ಹೇಳಿದಾನೆ. ಮುಗೀತು ದಿದಿ."

"ಬಾಗಿಲಿಗೆ ಕಿವಿ ಕೊಟ್ಟ ಅಂತಲೇ ಇಟ್ಕೊಳ್ಳಿ. ಕಾಜರಿ ಊರಿಗೆ ಹೋದಮೇಲೆ ಬಾಗಿಲ ಒಳಗೆ ಮಾತಾಡಿದ್ದು ಯಾರು?"

ತಾರಾಪದ ಮಡಿಚಿದ ಬೆರಳನ್ನು ಬಿಚ್ಚಿದರು.

"ಮತ್ತೊಂದು ಕೇಳ್ತೀನಿ," ಎಂದರು ಹೈಮಂತಿ. "ದಿನಕ್ಕೆ ನಾಲ್ಕು ಮಾತಾಡೋ ಮನುಷ್ಯನಿಗೆ ಗಂಟಲು ಯಾಕೆ ಕಟ್ಟುತ್ತೆ? ನೀವು ಡಾಕ್ಟ್ರು, ಹೇಳಿ."

"ಚಳಿ. ಹೂಗ್ಲಿ ಹೊಳೆ ಕಡೆಯ ಗಾಳಿ," ಎಂದರು ತಾರಾಪದ ಗಂಭೀರವಾಗಿ. ಹೈಮಂತಿ ನಕ್ಕರು. ಮರುದಿನ ನಸುಕಿನಲ್ಲಿ ಮಂಕಿ ಟೋಪಿ ಹಾಕಿಕೊಂಡು, ಕಾಜರಿಯನ್ನು ಜೊತೆಗೆ ಕರೆದುಕೊಂಡು ಎಲ್ಲಿಗೋ ಹೋಗಿಬಂದರು. ತಾರಾಪದರನ್ನು ಎಬ್ಬಿಸಲೂ ಇಲ್ಲ. ಎದ್ದಮೇಲೆ ಅವರು ಒಂದು ಹೊತ್ತು ಮುನಿಸಿಕೊಂಡಿದ್ದರು. ಬಟಾಣಿ ಕಚೋರಿ ಬಂದ ಮೇಲೆ ರಾಜಿಯಾದರು.

ಸೋಮವಾರ ಸಂಜೆ ದವಾಖಾನೆಯಲ್ಲಿ ಎಲ್ಲರೂ ಸೇರಿದರು. ಭಾದುಡಿ ಎಂದಿನಂತೆ ಪ್ರಣಬೇಶರ ತೋಳು ಹಿಡಿದು ಬಂದರು. ಸೌಗತ ಬಾಗಿಲಿಗೆ ಒರಗಿದ. ಪಿನಾಕಿ ಮೂಲೆಯ ಸ್ಟೂಲಿನಲ್ಲಿ ಮುಖ ಕೆಳಗೆ ಹಾಕಿ ಕುಳಿತ. ಕಾಜರಿ ಪರದೆಯ ಪಕ್ಕದಲ್ಲಿ ನಿಂತಳು. ಕೂರು ಎಂದರೂ ಕೂರಲಿಲ್ಲ.

"ಕಳ್ಳತನ ಆಗಿದ್ದು ನಿಜ," ಎಂದು ಹೈಮಂತಿ ಶುರುಮಾಡಿದರು. "ಆದರೆ ಈ ಕಳ್ಳನಿಗೆ ಒಂದು ವಿಚಿತ್ರ ಗುಣ. ಕದ್ದ ಪಾತ್ರೇಲಿ ತೂತು ಕಂಡ್ರೆ, ಬೆಸುಗೆ ಹಾಕಿ ಯಜಮಾನನಿಗೇ ವಾಪಸ್ ಕೊಟ್ಟು, ಆಮೇಲೆ ಮತ್ತೆ ಕದ್ದ. ಆ ಬೆಸುಗೆಯಿಂದಲೇ ಸಿಕ್ಕಿಬಿದ್ದ."

"ಒಗಟು ಬೇಡ ಹೈಮಂತಿ. ಪ್ರಶ್ನೆ ಕೇಳೋದು ನನ್ನ ಕೆಲಸ," ಎಂದರು ಭಾದುಡಿ.

"ಸರಿ, ನೇರ ಹೇಳ್ತೀನಿ. ಪಿನಾಕಿ ಕೊಟ್ಟ ಉತ್ತರ ನೀವು ಶುಕ್ರವಾರ ಕಟ್ಟಿದ ಪ್ರಶ್ನೆಗೆ ಸೇರಿದ್ದು. ಕಾಜರಿಗೆ ಗೊತ್ತಿದ್ದದ್ದು ಬುಧವಾರದ ಪ್ರಶ್ನೆ. ಅದಕ್ಕೇ ತುಂಬಿದ ಸಭೇಲಿ ಎದ್ದು ತಪ್ಪು ಅಂತ ಕೂಗಿದಳು. ಕಳ್ಳಿಯಾಗಿದ್ರೆ ಬಾಯಿ ಮುಚ್ಕೊಂಡು ಕೂತಿರ್ತಿದ್ದಳು. ಉಳಿದ ಪ್ರಶ್ನೆಗಳು ಒಂದು ದಾರೀಲಿ, ಇದೊಂದು ಬೇರೆ ದಾರೀಲಿ ಸೋರಿತು ಅನ್ನೋದು ನಂಬೋ ಮಾತಲ್ಲ. ಎಲ್ಲ ಒಂದೇ ತೂತಿನಿಂದ ಸೋರಿದ್ದು. ಆ ತೂತು ಕಾಜರಿ ಊರಲ್ಲಿದ್ದಾಗಲೂ ಸೋರ್ತಾ ಇತ್ತು."

"ಹಾಗಾದ್ರೆ ನಾನಾ?" ಎಂದ ಸೌಗತ, ಬಾಗಿಲಿನಿಂದ ನೆಟ್ಟಗಾಗಿ. "ಪಿನಾಕಿ ಜೊತೆ ಮಾತಾಡಿದ್ದು ಅವನ ಮಾವನ ಆಫೀಸಿನಲ್ಲಿ ಕೆಲಸಕ್ಕೆ! ಕಾಕಾಗೆ ಗೊತ್ತಾದ್ರೆ ಬೈತಾರೆ ಅಂತ ಗುಸುಗುಸು ಮಾತಾಡಿದ್ದು."

"ನೀನಲ್ಲ ಬಿಡಪ್ಪ. ಆ ತೂತು ತೆರೆಯೋ ಹೊತ್ತಿಗೆ ನೀನು ಹಾಸಿಗೇಲಿರ್ತೀಯ." ಹೈಮಂತಿ ಭಾದುಡಿಯವರ ಕಡೆ ತಿರುಗಿದರು. ಅವರ ದನಿ ಮೆತ್ತಗಾಯಿತು. "ಭಾದುಡಿಮಶಾಯ್, ನಿಮ್ಮ ಗಂಟಲು ಕಟ್ಟಿದ್ದು ಚಳಿಗಲ್ಲ. ನೀವು ಮನಸ್ಸಿನಲ್ಲಿ ಕಟ್ಕೋತೀನಿ ಅಂತೀರಲ್ಲ, ಅದು ಮನಸ್ಸಿನಲ್ಲಿಲ್ಲ, ಬಾಯಲ್ಲಿದೆ. ಹೆದುವಾದ ಸುತ್ತ ನಡೀತಾ ಒಂದೊಂದು ಪ್ರಶ್ನೆನೂ, ಉತ್ತರನೂ ನೀವು ಗಟ್ಟಿಯಾಗಿ ಗುಣುಗ್ತೀರಿ. ಸುತ್ತಿನ ಮೇಲೆ ಸುತ್ತು. ಕೊಳದ ಹತ್ತಿರದವರು ನೀವು ಸ್ತೋತ್ರ ಹೇಳ್ತೀರಿ ಅಂದ್ಕೊಂಡಿದ್ದಾರೆ. ಮನೇಲಿ ಕಿಟಕಿ ಮುಚ್ಚಿ, ರೇಡಿಯೋ ಹಚ್ಚಿ ಬಚ್ಚಿಟ್ಟದ್ದನ್ನ ಬೀದೀಲಿ ನೀವೇ ಹಂಚ್ತಾ ಇದ್ರಿ."

"ಸುಳ್ಳು!" ಎಂದರು ಭಾದುಡಿ. ಆದರೆ ಗೊಗ್ಗರು ದನಿ ಅವರ ಮಾತಿಗೆ ಸಾಕ್ಷಿಯಾಗಲಿಲ್ಲ.

"ಇವತ್ತು ನಸುಕಿನ ಕತ್ತಲಲ್ಲಿ ಮುಖ ಮುಚ್ಕೊಂಡು ನಾನು, ಕಾಜರಿ ನಿಮ್ಮ ಹಿಂದೆಯೇ ನಡೆದ್ವಿ. ನಿನ್ನೆ ನಿಮಗೊಂದು ತಪ್ಪು ಪ್ರಶ್ನೆ ಕೊಟ್ಟು, ಇದನ್ನ ಎಂದಿನ ಹಾಗೆ ಬಾಯಿಪಾಠ ಮಾಡಿ, ಯಾರಿಗೂ ಹೇಳಬೇಡಿ ಅಂದಿದ್ದೆ. 'ಹೆದರಿದಾಗ ಮರಳಿನಲ್ಲಿ ತಲೆ ಹೂತಿಡೋ ಹಕ್ಕಿ ಯಾವುದು? ಉಷ್ಟ್ರಪಕ್ಷಿ.' ನೀವು ಸಿಡುಕಿದ್ರಿ. ಸರಿಯಾಗೇ ಸಿಡುಕಿದ್ರಿ, ಉಷ್ಟ್ರಪಕ್ಷಿ ತಲೆ ಹೂಳೋದೇ ಇಲ್ಲ. ಆದ್ರೂ ಮಾತು ಕೊಟ್ಟಿದ್ದಕ್ಕೆ ಕಲಿತ್ರಿ. ಎರಡು ಸುತ್ತು ನಮಗೆ ಒಂದೊಂದು ಅಕ್ಷರನೂ ಕೇಳಿಸ್ತು."

ಭಾದುಡಿಯವರ ಕೈ ಕುರ್ಚಿಯ ತೋಳನ್ನು ಹಿಡಿದುಕೊಂಡಿತು. ಏನೋ ನೆನಪಾದಂತೆ ಅವರು ನಿಧಾನವಾಗಿ ಪ್ರಣಬೇಶರ ಕಡೆಗೆ ಮುಖ ತಿರುಗಿಸಿದರು.

"ಮೂರನೇ ಸುತ್ತಿನಲ್ಲಿ ಏನಾಯ್ತು ಅಂತ ನೀವೇ ಹೇಳಿ," ಎಂದರು ಹೈಮಂತಿ.

"ಮೂರನೇ ಸುತ್ತಿನಲ್ಲಿ..." ಭಾದುಡಿ ತಡೆತಡೆದು ಹೇಳಿದರು, "ಪ್ರಣಬೇಶ ಅಂದ, ಜನ ಎಷ್ಟು ಮೂರ್ಖರು ನೋಡಿ ದಾದಾ, ಉಷ್ಟ್ರಪಕ್ಷಿ ಮರಳಲ್ಲಿ ತಲೆ ಹೂಳುತ್ತೆ ಅಂತ ಇನ್ನೂ ನಂಬ್ತಾರೆ, ಅದು ಗೂಡಿನ ಮೊಟ್ಟೆ ಹೊರಳಿಸೋಕೆ ತಲೆ ಬಗ್ಗಿಸೋದು ಅಷ್ಟೆ ಅಂತ."

ನಿನ್ನೆ ತಿಂದ ಎರಡು ಸಂದೇಶ ನೆನಪಾಗಿ ತಾರಾಪದ ತಮ್ಮ ಕುರ್ಚಿಯನ್ನು ಪ್ರಣಬೇಶರಿಂದ ಸ್ವಲ್ಪ ದೂರ ಎಳೆದುಕೊಂಡರು.

"ಕಾಕತಾಳೀಯ," ಎಂದು ಪ್ರಣಬೇಶ ನಕ್ಕರು. ನಗು ತುಟಿಯಿಂದ ಮೇಲೆ ಹೋಗಲಿಲ್ಲ. "ನಡೀತಾ ಜನ ನೂರು ಮಾತಾಡ್ತಾರೆ ದಿದಿಮಣಿ."

"ಆಡ್ತಾರೆ. ಶುಕ್ರವಾರ ನಿಮಗೆ ಹಾಗಲಕಾಯಿ ನೆನಪಾಯ್ತು. ಹಿಂದಿನ ದಿನ ತಾನೆ ಇವರು ಆ ತಪ್ಪು ಪ್ರಶ್ನೆ ಗುಣುಗಿದ್ರು. ಹೋಗ್ಲಿ, ಹಾಗಲಕಾಯಿ ಮನೇಲಿ ಮಾಡಿರಬಹುದು. ಇವತ್ತು? ಹೆದುವಾ ಕೊಳದಲ್ಲಿ ಯಾವ ಉಷ್ಟ್ರಪಕ್ಷಿ ಸಿಕ್ತು ನಿಮಗೆ?"

ಸೌಗತ ಗೊಳ್ಳನೆ ನಕ್ಕುಬಿಟ್ಟ. ಬೇರೆ ಯಾರೂ ನಗಲಿಲ್ಲ.

"ಬೇರೆ ಯಾವ ಕಳ್ಳನಾದ್ರೂ ತಪ್ಪು ಪ್ರಶ್ನೇನ ತಪ್ಪಾಗೇ ಕದ್ದು ಸುಮ್ಮನಿರ್ತಿದ್ದ," ಎಂದು ಹೈಮಂತಿ ಮುಂದುವರಿಸಿದರು. "ಕ್ವಿಜ್ ಹುಚ್ಚಿನವರಿಂದ ಅದು ಆಗಲ್ಲ. ಎದುರಿಗೆ ತಪ್ಪು ಮಾತು ಬಂದ್ರೆ ಇವರಿಗೆ ಮೈಯೆಲ್ಲ ತುರಿಕೆ. ಸರಿ ಮಾಡೋವರೆಗೆ ನಿದ್ದೆ ಬರಲ್ಲ. ಅದರ ಮೇಲೆ ತಮ್ಮ ಹುಡುಗ ತುಂಬಿದ ಸಭೇಲಿ ತಪ್ಪು ಉತ್ತರ ಹೇಳಿ ಅಂಕ ತಗೋಬೇಕು, ಬಲ್ಲವರು ಮುಸಿಮುಸಿ ನಗಬೇಕು, ಅದನ್ನ ಹಳೇ ವೀರ ತಡ್ಕೋತಾನಾ? ಶುಕ್ರವಾರ ತಿದ್ದಿದ್ರು. ಶನಿವಾರ ಬೆಳಗ್ಗೆ ತಿದ್ದಿದ ಪ್ರಶ್ನೆ ಕಿವಿಗೆ ಬಿತ್ತು. ಸಂಜೆಗೆ ಪಿನಾಕಿಯ ಬಾಯಲ್ಲಿತ್ತು."

"ನನಗೆ ಗೊತ್ತಿರ್ಲಿಲ್ಲ!" ಮೂಲೆಯಿಂದ ಪಿನಾಕಿ ಎದ್ದ. ಅವನ ದನಿ ಒಡೆದಿತ್ತು. "ಪ್ರಣಬೇಶದಾ ಸಜೆಶನ್ ಅಂತ ಕೊಟ್ರು. ಪರೀಕ್ಷೆಗೆ ಮೇಷ್ಟ್ರು ಇದು ಬರಬಹುದು, ಅದು ಬರಬಹುದು ಅಂತ ಕೊಡಲ್ವಾ, ಹಾಗೆ. ಭಾದುಡಿ ಜೇಠು ಮನಸ್ಸು ನನಗೆ ಅಂಗೈ ಗೆರೆ ಹಾಗೆ ಗೊತ್ತು ಅಂದ್ರು. ಒಂದಾದಮೇಲೆ ಒಂದು ಬರ್ತಾನೇ ಹೋದಾಗ ನನಗೂ ಹೆದರಿಕೆ ಆಯ್ತು. ಆದ್ರೆ ಕೈ ಬಜರ್ ಬಿಡ್ಲಿಲ್ಲ. ಕಾಜರಿ, ನಿನ್ನ ಹೆಸರು ಬಂದಾಗಲೂ ನಾನು ಬಾಯಿ ಬಿಡ್ಲಿಲ್ಲ. ಅದು ನನ್ನ ತಪ್ಪು."

ಇನ್ನು ಮುಚ್ಚಿಡಲು ಏನೂ ಉಳಿದಿರಲಿಲ್ಲ. ಪ್ರಣಬೇಶ ಶಾಲಿನ ಅಂಚನ್ನು ಸರಿಮಾಡಿಕೊಂಡರು.

"ನಾನು ಕದ್ದಿಲ್ಲ. ಕಿವಿಗೆ ಬಿತ್ತು," ಎಂದರು. "ದಿನಾ ತೋಳು ಹಿಡಿದು ನಡೆಸೋನು ಕಿವಿಗೆ ಹತ್ತಿ ಇಟ್ಕೋಬೇಕಾ? ಷೀಲ್ಡು ನಮ್ಮ ಕಡೆಗೆ ಬಂದು ಎಷ್ಟು ವರ್ಷ ಆಯ್ತು? ದಕ್ಷಿಣದವರು ಪ್ರತಿ ಸಲ ಬಂದು, ಉತ್ತರ ಕಲ್ಕತ್ತೇಲಿ ಹಳೇ ಮನೆ ಬಿಟ್ರೆ ಏನಿದೆ ಅಂತ ನಗೋದನ್ನ ನೋಡಿ ನೋಡಿ ಸಾಕಾಗಿತ್ತು. ಒಂದು ಸಲ, ಒಂದೇ ಒಂದು ಸಲ ನಮ್ಮ ಗಲ್ಲೀಲಿ ಮೆರವಣಿಗೆ ಆಗ್ಲಿ ಅಂದ್ಕೊಂಡೆ."

"ಅದಕ್ಕೆ ಈ ಹುಡುಗಿನ ಊರಿಗೆ ಓಡಿಸೋಕೆ ಹೊರಟ್ರಿ. ಅವಳು ಹೋಗಿಬಿಟ್ರೆ ಶುಕ್ರವಾರ ಯಾವುದು, ಬುಧವಾರ ಯಾವುದು ಅಂತ ಯಾರೂ ಕೇಳಲ್ಲ ಅಂತ," ಎಂದರು ಹೈಮಂತಿ.

ಪ್ರಣಬೇಶ ಕಾಜರಿಯ ಕಡೆ ನೋಡಲಿಲ್ಲ. ಹಾಗೇ ಎದ್ದು ಹೋದರು. ಬಾಗಿಲಲ್ಲಿದ್ದ ಸೌಗತ ದಾರಿ ಬಿಡಲು ಬೇಕೆಂದೇ ತಡಮಾಡಿದ.

ಅವರ ಚಪ್ಪಲಿಯ ಸದ್ದು ಗಲ್ಲಿಯ ತಿರುವಿನವರೆಗೂ ಕೇಳಿಸುತ್ತಿತ್ತು. ಭಾದುಡಿ ಆ ಕಡೆಗೇ ಕಿವಿಯಿಟ್ಟು ಕುಳಿತಿದ್ದರು. ಜಗತ್ತಿನಲ್ಲಿ ಅವರು ಅನುಮಾನಿಸದೆ ಉಳಿಸಿದ್ದ ಮನುಷ್ಯರು ಇಬ್ಬರೇ, ಒಬ್ಬರು ಪ್ರಣಬೇಶ, ಮತ್ತೊಬ್ಬರು ತಾವು. ಇಬ್ಬರೂ ಒಂದೇ ಸಂಜೆ ಕೈಕೊಟ್ಟಿದ್ದರು. ತಾರಾಪದರಿಗೆ ಆ ಮುದುಕನ ಮೇಲೆ ಸಿಟ್ಟೂ ಬಂತು, ಕರುಳೂ ಚುರುಕ್ ಎಂದಿತು.

"ಷೀಲ್ಡು ದಕ್ಷಿಣದವರಿಗೆ ಹೋಗ್ಲಿ," ಎಂದರು ಭಾದುಡಿ ಕೊನೆಗೆ. "ನಾಳೆ ಅದೇ ಸಭೆ ಮತ್ತೆ ಸೇರಿಸಿ ನಾನೇ ನಿಂತು ಹೇಳ್ತೀನಿ, ಬಾಯಿ ಸೋರಿದ್ದು ನನ್ನದು ಅಂತ. ಕಾಲೇಜಿಗೆ ಹೋಗಲ್ಲ." ಅವರು ಗಾಳಿಯಲ್ಲಿ ಕೈ ಚಾಚಿದರು. "ಕಾಜರಿ, ಎಲ್ಲಿದೀಯ ತಾಯಿ? ಮನೆಗೆ ನಡಿ. ಪರೀಕ್ಷೆ ಹತ್ತಿರ ಬಂತು. ಆ ಕೋಣೆ ನಿನ್ನದೇ."

ಕಾಜರಿ ಎರಡು ಹೆಜ್ಜೆ ಮುಂದೆ ಬಂದಳು. ಚಾಚಿದ ಕೈಯನ್ನು ಎರಡೂ ಕೈಯಿಂದ ಹಿಡಿದುಕೊಂಡಳು. ಅವಳ ಕಣ್ಣಲ್ಲಿ ನೀರಿತ್ತು, ದನಿಯಲ್ಲಿರಲಿಲ್ಲ.

"ನಾನು ದಿದಿಮಣಿ ಹತ್ತಿರ ಇದ್ದು ಓದ್ಕೋತೀನಿ ಜೇಠು. ಬರಲ್ಲ."

"ಇನ್ನೂ ಕೋಪನಾ? ನಾನು ತಪ್ಪೊಪ್ಕೊಂಡೆನಲ್ಲಮ್ಮ."

"ಕೋಪ ಇಲ್ಲ. ಇಷ್ಟು ವರ್ಷ ಊರಿಗೆಲ್ಲ ಪ್ರಶ್ನೆ ಕೇಳಿದ್ರಿ. ಶನಿವಾರ ರಾತ್ರಿ ನನ್ನನ್ನ ಒಂದು ಪ್ರಶ್ನೆ ಕೇಳಲಿಲ್ಲ. 'ಕಾಜರಿ, ನೀನು ಮಾಡಿದ್ದಾ?' ಅಂತ. ಕೇಳಿದ್ರೆ ಇಲ್ಲ ಅಂತಿದ್ದೆ. ಕೇಳದೇನೇ ಟ್ರಂಕು ಕಟ್ಕೋ ಅಂದ್ರಿ."

ಭಾದುಡಿ ಅವಳ ದನಿಯ ಕಡೆ ಮುಖ ಎತ್ತಿದರು. ಮಗುವಿನ ಹಾಗೆ ಕೇಳಿದರು:

"ಈಗ ಕೇಳ್ಲಾ?"

"ಈಗ ಉತ್ತರ ಎಲ್ಲರಿಗೂ ಗೊತ್ತಲ್ಲ ಜೇಠು," ಎಂದಳು ಕಾಜರಿ, ಅವರ ಕೈಯನ್ನು ಮೆಲ್ಲಗೆ ಅವರ ಮಡಿಲಲ್ಲಿಟ್ಟು.